ಮೇಲಿನ ಮಹಡಿಯಲ್ಲಿ ಎಲ್ಲವೂ ಹಸಿರು

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಪ್ರಾಜೆಕ್ಟೊಂದು ಕೆಟ್ಟು ಕೂತಾಗ ಆರೋಪಿಯನ್ನು ಹಿಡಿಯುವುದು ಬಹಳ ಸುಲಭ. ಪ್ರತಿ ಸಲವೂ ಒಬ್ಬನೇ ಸಿಕ್ಕಿಬೀಳುತ್ತಾನೆ. ಅವನ ಹೆಸರು ಕಮ್ಯುನಿಕೇಶನ್ ಗ್ಯಾಪ್. ಆರು ತಿಂಗಳ ಕೆಲಸ ಹದಿನಾಲ್ಕು ತಿಂಗಳಿಗೆ ಎಳೆದರೆ ಅವನೇ ಕಾರಣ. ಗ್ರಾಹಕ ಕೇಳಿದ್ದು ಒಂದು, ಕೈಗೆ ಬಂದದ್ದು ಇನ್ನೊಂದಾದರೂ ಅವನೇ ಕಾರಣ. ಇಷ್ಟು ಅನುಕೂಲದ ಆರೋಪಿ ನಮ್ಮ ಪೊಲೀಸ್ ಇಲಾಖೆಗೂ ಸಿಕ್ಕಿಲ್ಲ. ಅವನಿಗೆ ಸಂಬಳವಿಲ್ಲ, ಕಡಿತ ಮಾಡುವ ತಲೆನೋವಿಲ್ಲ. ಉದ್ಯೋಗಿ ಸಂಖ್ಯೆಯಿಲ್ಲ, ಎಚ್‌ಆರ್‌ನವರು ನೋಟಿಸ್ ಕೊಡಬೇಕಿಲ್ಲ. ಯಾವ ವೈಸ್ ಪ್ರೆಸಿಡೆಂಟರ ಕಡೆಯವನೂ ಅಲ್ಲ, ಹಾಗಾಗಿ ಬೈದರೆ ಯಾರಿಗೂ ಬೇಜಾರಿಲ್ಲ. ಮುಖ್ಯವಾಗಿ, ಅವನು ತಿರುಗಿ ಮಾತಾಡುವುದಿಲ್ಲ.

ಆರೋಪಿ ಪತ್ತೆಯಾದ ಮೇಲೆ ಶಿಕ್ಷೆ ಮಾತ್ರ ಸಿಬ್ಬಂದಿಗೆ. ಕನಕಪುರ ರಸ್ತೆಯ ಯಾವುದಾದರೂ ರೆಸಾರ್ಟಿನಲ್ಲಿ ಶನಿವಾರ, ಹೌದು, ರಜೆಯ ದಿನವೇ, ‘ಪರಿಣಾಮಕಾರಿ ಸಂವಹನ’ದ ಕಾರ್ಯಾಗಾರ ಏರ್ಪಾಡಾಗುತ್ತದೆ. ಕಾಲರಿಗೆ ಮೈಕ್ ಸಿಕ್ಕಿಸಿಕೊಂಡ ತರಬೇತುದಾರರು ಬರುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ, ಕಿವಿಯಿಂದ ಕಿವಿಗೆ ಪಿಸುಮಾತು ದಾಟಿಸುವ ಆಟ ಆಡಿಸುತ್ತಾರೆ. ಹದಿನೈದನೆಯವನ ಕಿವಿಗೆ ಬರುವಾಗ ಮಾತು ಏನೋ ಆಗಿರುತ್ತದೆ, ಎಲ್ಲರೂ ನಗುತ್ತಾರೆ. ಇದೇ ಆಟವನ್ನು ಆಫೀಸಿನಲ್ಲಿ ವರ್ಷವಿಡೀ ಸಂಬಳ ತೆಗೆದುಕೊಂಡು ಆಡುತ್ತಿದ್ದೇವಲ್ಲ ಎಂಬುದು ಆ ಕ್ಷಣದಲ್ಲಿ ಯಾರಿಗೂ ಹೊಳೆಯುವುದಿಲ್ಲ, ಹೊಳೆದವರು ಹೇಳುವುದಿಲ್ಲ. ಬೆಳಿಗ್ಗೆ ದೀಪ ಹಚ್ಚಲು ಬಂದ ದೊಡ್ಡ ಸಾಹೇಬರು ‘ಕೇಳಿಸಿಕೊಳ್ಳುವುದೇ ನಾಯಕತ್ವ’ ಎಂದು ಮುಕ್ಕಾಲು ಗಂಟೆ ಮಾತಾಡಿ, ಯಾರಾದರೂ ಏನಾದರೂ ಹೇಳುವ ಮೊದಲೇ ಇನ್ನೊಂದು ಮೀಟಿಂಗಿಗೆಂದು ಕಾರು ಹತ್ತಿರುತ್ತಾರೆ. (ಊಟ ಚೆನ್ನಾಗಿರುತ್ತದೆ. ಅದನ್ನು ಅಲ್ಲಗಳೆಯುವಂತಿಲ್ಲ.)

ಮಾತಿನ ಕೊರತೆ ಎಂಬ ರೋಗನಿದಾನವೇ ನನಗೆ ವಿಚಿತ್ರವಾಗಿ ಕಾಣುತ್ತದೆ. ಈ ಕಟ್ಟಡಗಳಲ್ಲಿ ಮಾತಿಗೇನು ಬರವೇ? ಬೆಳಿಗ್ಗೆ ಎದ್ದರೆ ಸ್ಟ್ಯಾಂಡ್‌ಅಪ್, ಮಧ್ಯಾಹ್ನ ಸಿಂಕ್‌ಅಪ್, ಸಂಜೆ ಕ್ಯಾಚ್‌ಅಪ್, ರಾತ್ರಿ ಗ್ರಾಹಕರ ಜತೆ ಕಾಲ್. ನಡುವೆ ಇಮೇಲು, ಟೀಮ್ಸು, ಸ್ಲ್ಯಾಕು. ಅದರ ಮೇಲೆ ಎರಡು ವಾಟ್ಸ್‌ಆ್ಯಪ್ ಗುಂಪು: ಮ್ಯಾನೇಜರ್ ಇರುವ ಗುಂಪು, ಮ್ಯಾನೇಜರ್ ಇಲ್ಲದ ಗುಂಪು. ಮೊದಲನೆಯದರಲ್ಲಿ ಹೆಬ್ಬೆರಳು, ನಮಸ್ಕಾರ, ಹುಟ್ಟುಹಬ್ಬದ ಕೇಕು. ಪ್ರಾಜೆಕ್ಟಿನ ನಿಜಸ್ಥಿತಿ ಎರಡನೆಯದರಲ್ಲಿ. ಎರಡನೆಯ ಗುಂಪಿನ ಸದಸ್ಯತ್ವ ಸಿಗದವರಿಗೆ ಗೇಟಿನಾಚೆ ಟೀ ಅಂಗಡಿಯಿದೆ. ಅರ್ಧ ಟೀ, ಒಂದು ಸಿಗರೇಟಿನ ಹೊತ್ತಿನಲ್ಲಿ ಅಲ್ಲಿ ಆಗುವಷ್ಟು ನಿಖರವಾದ ರಿಸ್ಕ್ ಅಸೆಸ್‌ಮೆಂಟ್ ಯಾವ ಕಾನ್ಫರೆನ್ಸ್ ಕೋಣೆಯಲ್ಲೂ ಆಗುವುದಿಲ್ಲ. ಪ್ರಾಜೆಕ್ಟ್ ಮಾರ್ಚಿಗೆ ಮುಗಿಯುವುದಿಲ್ಲ ಎಂಬುದು ನ್ಯೂಜೆರ್ಸಿಯ ಗ್ರಾಹಕನಿಗಿಂತ ನಾಲ್ಕು ತಿಂಗಳು ಮೊದಲೇ ಟೀ ಅಂಗಡಿಯವನಿಗೆ ಗೊತ್ತಿರುತ್ತದೆ. ಸಂವಹನ ಅತ್ಯುತ್ತಮವಾಗಿಯೇ ಇದೆ. ದಿಕ್ಕು ಮಾತ್ರ ಗೇಟಿನಾಚೆಗಿದೆ.

ಗೇಟಿನೊಳಗೆ ಒಂದು ಸತ್ಯ ಮಹಡಿ ಹತ್ತುವ ಪರಿಯನ್ನು ನಿಧಾನವಾಗಿ ನೋಡಬೇಕು.

ಎರಡನೇ ಮಹಡಿಯಲ್ಲಿ ಟೆಸ್ಟಿಂಗ್ ಮಾಡುವ ಹುಡುಗಿಯೊಬ್ಬಳು ಹೇಳುತ್ತಾಳೆ: “ಒಟ್ಟಿಗೆ ಐನೂರು ಜನ ಬಂದ್ರೆ ಪೇಮೆಂಟ್ ಬಿದ್ದೋಗ್ತಿದೆ ಸರ್. ಡಿಸೈನೇ ಸರಿಯಿಲ್ಲ. ಮಾರ್ಚಿಗೆ ಆಗಲ್ಲ.” ಹಾಸನದ ಕಡೆಯವಳು, ಕಾಲೇಜು ಮುಗಿಸಿ ಬಂದು ಎರಡು ವರ್ಷ. ಆಗದ್ದನ್ನು ಆಗಲ್ಲ ಎನ್ನುವ ಕೆಟ್ಟ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಟೀಮ್ ಲೀಡ್ ಒಳ್ಳೆಯವನು. “ಆಗಲ್ಲ ಅಂತ ಬರೀಬೇಡ ಕಣಮ್ಮಾ, ನೆಗೆಟಿವ್ ಅನ್ಕೋತಾರೆ. ಲೋಡ್ ಜಾಸ್ತಿಯಾದಾಗ ಒಂಚೂರು ತೊಂದರೆ ಇದೆ ಅಂತ ಹಾಕು” ಎನ್ನುತ್ತಾನೆ. ಪ್ರಾಜೆಕ್ಟಿನ ಸ್ಥಿತಿ ತೋರಿಸುವ ಪಟ್ಟಿಯಲ್ಲಿ ಅಪಾಯದ ಕೆಂಪು ಬಣ್ಣ ಹಾಗೇ ಇರುತ್ತದೆ, ಮಾತು ಮಾತ್ರ ತಣ್ಣಗಾಗಿದೆ. ನಾಲ್ಕನೇ ಮಹಡಿಯ ಪ್ರಾಜೆಕ್ಟ್ ಮ್ಯಾನೇಜರರ ವೀಸಾ ಕಾಗದ ಮೇಲಿನವರ ಸಹಿಗೆ ಕಾದಿದೆ. ಅವರು ಕೆಂಪನ್ನು ಹಳದಿ ಮಾಡಿ, ‘ಲೋಡ್ ಸಂಬಂಧಿತ ಕೆಲವು ಅಂಶಗಳನ್ನು ತಂಡ ಪರಿಶೀಲಿಸುತ್ತಿದೆ’ ಎಂದು ಬರೆಯುತ್ತಾರೆ. ಏಳನೇ ಮಹಡಿಯ ಡೆಲಿವರಿ ಹೆಡ್‌ಗೆ ಹಳದಿ ಕಂಡರೆ ಆಗುವುದಿಲ್ಲ, ಹಳದಿಯಿದ್ದರೆ ಪ್ರಶ್ನೆ ಬರುತ್ತದೆ. ಅವರ ಸ್ಲೈಡಿನಲ್ಲಿ ಅದು ಹಸಿರಾಗಿ, ‘ವ್ಯವಸ್ಥೆಯ ಕಾರ್ಯಕ್ಷಮತೆಯನ್ನು ಇನ್ನಷ್ಟು ಹೆಚ್ಚಿಸಲು ತಂಡ ಶ್ರಮಿಸುತ್ತಿದೆ’ ಎಂದಾಗುತ್ತದೆ. ಗ್ರಾಹಕರ ಕಂಪನಿಯಲ್ಲೂ ಮಹಡಿಗಳಿವೆಯಲ್ಲ. ಅಲ್ಲಿನ ಅಧಿಕಾರಿ ತನ್ನ ಮೇಲಿನವರಿಗೆ ಒಪ್ಪಿಸುವಾಗ, ‘ಮಾರ್ಚಿಗೆ ಬಿಡುಗಡೆ, ಜತೆಗೆ ಕಾರ್ಯಕ್ಷಮತೆ ಹೆಚ್ಚಳವೂ ಉಚಿತ’ ಎನ್ನುತ್ತಾನೆ. ಅಲ್ಲಿಂದ ಎಲ್ಲರನ್ನೂ ಹೊಗಳಿ ಒಂದು ಮೇಲ್ ಬರುತ್ತದೆ. ಅದರ ಪ್ರತಿ ಇಪ್ಪತ್ತೆಂಟು ಮಂದಿಗೆ. ಟೆಸ್ಟಿಂಗ್ ಹುಡುಗಿಯ ಹೆಸರು ಅದರಲ್ಲಿಲ್ಲ.

ಈ ಉದ್ಯಮದವರೇ ಇಂಥ ಪ್ರಾಜೆಕ್ಟಿಗೆ ಕಲ್ಲಂಗಡಿ ಎಂದು ಹೆಸರಿಟ್ಟಿದ್ದಾರೆ. ಹೊರಗೆ ಹಸಿರು, ಕುಯ್ದರೆ ಕೆಂಪು. ನಮ್ಮ ರಸ್ತೆಬದಿಯ ಕಲ್ಲಂಗಡಿ ವ್ಯಾಪಾರಿ ಹಣ್ಣು ಕೊಡುವ ಮೊದಲು ಬೆರಳಲ್ಲಿ ತಟ್ಟಿ ನೋಡುತ್ತಾನೆ, ಬೇಕೆಂದರೆ ಚಾಕುವಿನಿಂದ ತ್ರಿಕೋನದ ತುಂಡು ಕೊಯ್ದು ತೋರಿಸುತ್ತಾನೆ. ಏಳನೇ ಮಹಡಿಯಲ್ಲಿ ತಟ್ಟುವ ಪದ್ಧತಿಯೇ ಇಲ್ಲ. ತಟ್ಟಿದರೆ ಸದ್ದು ಬರುತ್ತದೆ, ಸದ್ದು ಬಂದರೆ ಅದಕ್ಕೊಂದು ಮೀಟಿಂಗ್ ಕರೆಯಬೇಕಾಗುತ್ತದೆ.

ಗಮನಿಸಿ, ಇವರಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ. ಪ್ರತಿಯೊಬ್ಬರೂ ಮೇಲಿನವರ ಮನಸ್ಸು ನೋಯದಂತೆ ಒಂದೊಂದು ಚಿಟಿಕೆ ಸಕ್ಕರೆ ಹಾಕಿದರು, ಅಷ್ಟೆ. ಇಳಿಯುವ ದಾರಿಯಲ್ಲಿ ಇದೇ ಜನ ಒಂದೊಂದು ಚಿಟಿಕೆ ಖಾರ ಹಾಕುತ್ತಾರೆ. ಗ್ರಾಹಕ ಕಾಫಿ ಕುಡಿಯುತ್ತಾ, ‘ಈ ಗುಂಡಿ ಎಡಗಡೆ ಇದ್ದಿದ್ದರೆ ಚೆನ್ನಿತ್ತೇನೋ’ ಎಂದಿರುತ್ತಾನೆ. ಏಳನೇ ಮಹಡಿಗೆ ಅದು ‘ಗ್ರಾಹಕರ ಅಪೇಕ್ಷೆ’, ನಾಲ್ಕನೆಯದಕ್ಕೆ ‘ತುರ್ತು ಬದಲಾವಣೆ’. ಎರಡನೇ ಮಹಡಿಗೆ ಬರುವಾಗ ‘ನಾಳೆ ಬೆಳಿಗ್ಗೆಯೊಳಗೆ ಆಗಲೇಬೇಕು, ಎಸ್ಕಲೇಶನ್ ಆಗಿದೆ.’ ರಾತ್ರಿಯಿಡೀ ಕೂತು ಗುಂಡಿಯನ್ನು ಎಡಕ್ಕೆ ಸರಿಸುತ್ತಾರೆ. ಗ್ರಾಹಕನಿಗೆ ತಾನು ಹಾಗೆ ಅಂದದ್ದೇ ನೆನಪಿಲ್ಲ. ಮರುದಿನ ಸಂಜೆಯ ಕಾಲ್‌ನಲ್ಲಿ, ‘ಗುಂಡಿ ಬಲಗಡೆ ಇತ್ತಲ್ಲವೇ?’ ಎಂದು ಕೇಳುತ್ತಾನೆ.

ಆ ಸಂಜೆಯ ಕಾಲ್ ಕೂಡ ನೋಡತಕ್ಕದ್ದೇ. ಬೇಸಗೆಯಲ್ಲಿ ನ್ಯೂಜೆರ್ಸಿಯ ಬೆಳಿಗ್ಗೆ ಒಂಬತ್ತೂವರೆ ಎಂದರೆ ನಮ್ಮ ಸಂಜೆ ಏಳು. ಹತ್ತು ಜನ ಹಾಜರಿ, ಇಬ್ಬರು ಮಾತು. ಉಳಿದವರಿಗೆ ಮೊದಲೇ ತಾಕೀತಾಗಿರುತ್ತದೆ: “ಕೇಳಿದ್ರೆ ಮಾತ್ರ ಮಾತಾಡಿ. ಕೇಳಿದ್ರೂ ನಾನೇ ಹೇಳ್ತೀನಿ.” ಕೊನೆಯಲ್ಲಿ ಗ್ರಾಹಕ ಪಾಪ ಮುಕ್ತಮನಸ್ಸಿನಿಂದ, ತಂಡದಿಂದ ಯಾರಿಗಾದರೂ ಏನಾದರೂ ಆತಂಕವಿದೆಯೇ ಎಂದು ಕೇಳುತ್ತಾನೆ. ಎಂಟು ಮೈಕುಗಳು ಮ್ಯೂಟ್‌ನಲ್ಲಿವೆ. ಎಲ್ಲೋ ಒಂದು ಕುಕ್ಕರಿನ ಸೀಟಿ ಕೇಳಿ, ಅದೂ ಮ್ಯೂಟ್ ಆಗುತ್ತದೆ. “ವಿ ಆರ್ ಗುಡ್” ಎನ್ನುತ್ತಾರೆ ಮ್ಯಾನೇಜರ್. ಆ ದಿನದ ಸಂವಹನ ಸಂಪನ್ನವಾಗುತ್ತದೆ.

ಇದಕ್ಕೆ ಕಾರಣ ನಮ್ಮ ಸಂಸ್ಕಾರ ಎನ್ನುವ ತರಬೇತುದಾರರಿದ್ದಾರೆ. ಹಿರಿಯರೆದುರು ಮಾತಾಡಬಾರದು ಎಂದು ಬೆಳೆದವರು ನಾವು, ‘ಆಗಲ್ಲ’ ಎನ್ನಲು ನಾಚುತ್ತೇವೆ, ಪಾಶ್ಚಾತ್ಯರಾದರೆ ನೇರ ನುಡಿಯವರು ಎನ್ನುತ್ತಾರೆ. ಅಂಥವರಿಗೆ 1986ರ ಜನವರಿ 27ರ ರಾತ್ರಿಯ ಒಂದು ಕಾನ್ಫರೆನ್ಸ್ ಕಾಲ್‌ನ ಕಥೆ ಹೇಳಬೇಕು. ಅದರಲ್ಲಿ ಒಬ್ಬ ಹಾಸನದವರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಫ್ಲಾರಿಡಾದಿಂದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕಿತ್ತು. ಅದರ ಬೂಸ್ಟರ್ ರಾಕೆಟ್ ತಯಾರಿಸಿದ್ದು ಉಟಾ ರಾಜ್ಯದ ಮಾರ್ಟನ್ ಥಿಯೋಕಾಲ್ ಕಂಪನಿ, ಗ್ರಾಹಕರು ನಾಸಾ. ರಾಕೆಟ್ಟಿನ ಕೀಲುಗಳಲ್ಲಿರುವ ರಬ್ಬರಿನ ಓ-ರಿಂಗ್‌ಗಳು ಚಳಿಗೆ ಬಿಗಿಯುತ್ತವೆ, 53 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಹಾರಿಸಬೇಡಿ ಎಂದು ರೋಜರ್ ಬೋಯಿಸ್ಜೋಲಿ ಮತ್ತವರ ಜತೆಯ ಎಂಜಿನಿಯರುಗಳು ಚಾರ್ಟು ಹಿಡಿದು ಹೇಳಿದರು. ಆ ರಾತ್ರಿ ಫ್ಲಾರಿಡಾದಲ್ಲಿ ನೀರು ಹೆಪ್ಪುಗಟ್ಟುವ ಚಳಿ. ಗ್ರಾಹಕರಿಗೆ ಸಿಟ್ಟು ಬಂತು. ಹಾಗಾದರೆ ಏಪ್ರಿಲ್‌ವರೆಗೆ ಕಾಯಬೇಕೋ ಎಂದು ನಾಸಾದ ಅಧಿಕಾರಿ ಕೇಳಿದರು. ಆಗ ಕಂಪನಿಯವರು ಐದು ನಿಮಿಷ ಸಮಯ ಕೇಳಿ ಫೋನ್ ಮ್ಯೂಟ್ ಮಾಡಿದರು. ಐದು ನಿಮಿಷ ಸುಮಾರು ಅರ್ಧ ಗಂಟೆಯಾಯಿತು. ಎಂಜಿನಿಯರುಗಳು ಇನ್ನೊಮ್ಮೆ ಹೇಳಿದರು. ಹಿರಿಯ ಅಧಿಕಾರಿಯೊಬ್ಬರು ತಮ್ಮ ಎಂಜಿನಿಯರಿಂಗ್ ಮುಖ್ಯಸ್ಥರಿಗೆ, ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂದರು. ನಾಲ್ವರು ಮ್ಯಾನೇಜರುಗಳು ತೀರ್ಮಾನಿಸಿದರು, ಎಂಜಿನಿಯರುಗಳಿಗೆ ಮತವಿರಲಿಲ್ಲ. ಮ್ಯೂಟ್ ತೆಗೆದು ‘ಹಾರಿಸಬಹುದು’ ಎಂದರು. ಯಾರದಾದರೂ ಆಕ್ಷೇಪವಿದೆಯೇ ಎಂದು ನಾಸಾದವರು ಕೇಳಿದರು. ಯಾರೂ ಮಾತಾಡಲಿಲ್ಲ.

ಮರುದಿನ ನೆಲಬಿಟ್ಟ 73 ಸೆಕೆಂಡಿಗೆ ನೌಕೆ ಚೂರಾಯಿತು. ಏಳು ಜನ ಹೋದರು.

ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ನೌಕೆ ನಾಶವಾಗುವ ಸಾಧ್ಯತೆ ಎಷ್ಟೆಂದು ನಾಸಾದೊಳಗೆ ವಿಚಾರಿಸಿದರು. ಕೆಲಸ ಮಾಡುವ ಎಂಜಿನಿಯರುಗಳ ಲೆಕ್ಕ ನೂರರಲ್ಲಿ ಒಂದರ ಆಸುಪಾಸು. ಆಡಳಿತದವರ ಲೆಕ್ಕ ಲಕ್ಷದಲ್ಲಿ ಒಂದು. ಒಂದೇ ಯಂತ್ರ, ಒಂದೇ ಸಂಸ್ಥೆ, ಮೆಟ್ಟಿಲು ಹತ್ತುವಷ್ಟರಲ್ಲಿ ಅಪಾಯ ಸಾವಿರ ಪಟ್ಟು ಕಡಿಮೆಯಾಗಿತ್ತು. ನಮ್ಮ ಡೆಲಿವರಿ ಹೆಡ್ ಕೆಂಪನ್ನು ಹಸಿರು ಮಾಡಿದ್ದು ಇದರ ಮುಂದೆ ಬಾಲಪಾಠ.

ಪಾಠ ಕಲಿತರೇ? 2003ರ ಜನವರಿಯಲ್ಲಿ ಕೊಲಂಬಿಯಾ ನೌಕೆ ಹಾರುವಾಗ ಫೋಮಿನ ತುಂಡೊಂದು ಕಳಚಿ ಅದರ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರುಗಳು ಪವರ್‌ಪಾಯಿಂಟ್ ಮಾಡಿ ತೋರಿಸಿದರು. ಹಿಂದೆ ಪರೀಕ್ಷೆಯಾಗಿದ್ದು 3 ಘನ ಅಂಗುಲದ ತುಂಡಿನ ಮೇಲೆ, ಈಗ ಬಡಿದದ್ದು ಸುಮಾರು 1,920 ಘನ ಅಂಗುಲದ್ದು. ಅಂದರೆ 640 ಪಟ್ಟು ದೊಡ್ಡದು. ಈ ಮಾತನ್ನು ಸ್ಲೈಡಿನ ತೀರಾ ಕೆಳಗೆ, ಚುಕ್ಕಿಯೊಳಗಿನ ಚುಕ್ಕಿಯಾಗಿ, ಸಣ್ಣಕ್ಷರದಲ್ಲಿ ಹಾಕಿದ್ದರು. ತಲೆಬರಹ ಓದಿದವರು ಸಮಾಧಾನದಿಂದ ಎದ್ದುಹೋದರು. ಫೆಬ್ರುವರಿ 1ರಂದು ಮರಳುವ ದಾರಿಯಲ್ಲಿ ನೌಕೆ ಚೂರಾಯಿತು. ಕಲ್ಪನಾ ಚಾವ್ಲಾ ಅದರಲ್ಲಿದ್ದರು. ತನಿಖಾ ಮಂಡಳಿ ತನ್ನ ವರದಿಯಲ್ಲಿ, ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡು ಬಳಸುವ ಚಾಳಿಯನ್ನೇ ಬೇರೆಯಾಗಿ ಎತ್ತಿ ಟೀಕಿಸಿತು. ಇಂದು ಆ ವರದಿಯ ಸಾರಾಂಶವನ್ನು ಎಷ್ಟು ಕಂಪನಿಗಳು ಪವರ್‌ಪಾಯಿಂಟಿನಲ್ಲಿ ತೋರಿಸಿ ತರಬೇತಿ ಕೊಡುತ್ತಿವೆಯೋ!

ನಡುವೆ 1999ರಲ್ಲಿ ಮಂಗಳನ ಬಳಿ ನಾಶವಾದ ನಾಸಾದ ಇನ್ನೊಂದು ನೌಕೆಯದು ಬೇರೆ ಬಗೆ. ಗುತ್ತಿಗೆ ಕಂಪನಿಯ ತಂತ್ರಾಂಶ ಪೌಂಡ್ ಅಳತೆಯಲ್ಲಿ ಲೆಕ್ಕ ಕೊಡುತ್ತಿತ್ತು, ನಾಸಾದವರು ಅದನ್ನು ನ್ಯೂಟನ್ ಎಂದುಕೊಂಡು ತೆಗೆದುಕೊಳ್ಳುತ್ತಿದ್ದರು. ಲೆಕ್ಕ ಯಾಕೋ ಕೂಡುತ್ತಿಲ್ಲ ಎಂಬುದು ದಾರಿ ತೋರುವ ತಂಡದ ಕೆಲವರ ಗಮನಕ್ಕೆ ಬಂದಿತ್ತು. ಇಮೇಲಿನಲ್ಲಿ ಹೇಳಿಕೊಂಡಿದ್ದರು. ಆದರೆ ದೋಷ ದಾಖಲಿಸುವ ಕ್ರಮಬದ್ಧ ದಾರಿಯಲ್ಲಿ ಅದು ಹೋಗಿರಲಿಲ್ಲ. ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರು ಕೇಳಿದರೆ ಮೆಚ್ಚಿ ತಲೆದೂಗುತ್ತಾರೆ: ಅರ್ಜಿ ನಿಗದಿತ ನಮೂನೆಯಲ್ಲಿಲ್ಲ.

ಇಷ್ಟೆಲ್ಲ ಸಾಲದೆಂಬಂತೆ ನಾವು ಪ್ರತಿ ವಾರ ಹೊಸ ಮೀಟಿಂಗ್ ಸೇರಿಸುತ್ತೇವೆ. 1944ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಅಮೆರಿಕದ ಬೇಹುಗಾರಿಕೆ ಸಂಸ್ಥೆ ಓಎಸ್ಎಸ್ ಒಂದು ಗುಟ್ಟಿನ ಕೈಪಿಡಿ ತಯಾರಿಸಿತ್ತು. ಶತ್ರುವಿನ ಹಿಡಿತದಲ್ಲಿರುವ ದೇಶಗಳ ಸಾಮಾನ್ಯ ನಾಗರಿಕರು, ಬಾಂಬು ಬಂದೂಕಿಲ್ಲದೆ, ತಾವಿರುವ ಕಚೇರಿ ಕಾರ್ಖಾನೆಗಳನ್ನು ಒಳಗಿನಿಂದ ಹಾಳುಮಾಡುವುದು ಹೇಗೆ ಎಂಬುದು ವಿಷಯ. ಅದು ಕೊಟ್ಟ ಸಲಹೆಗಳು ಇಂಥವು: ಎಲ್ಲವೂ ಕ್ರಮಬದ್ಧ ಮಾರ್ಗದಲ್ಲೇ ಬರಲಿ ಎಂದು ಹಟ ಹಿಡಿಯಿರಿ, ಅಡ್ಡದಾರಿಯಲ್ಲಿ ಬೇಗ ಆಗಲು ಬಿಡಬೇಡಿ. ಎಲ್ಲವನ್ನೂ ಸಮಿತಿಗೆ ಒಪ್ಪಿಸಿ, ಸಮಿತಿಯಲ್ಲಿ ಐದಕ್ಕಿಂತ ಕಡಿಮೆ ಜನ ಬೇಡ. ಕಳೆದ ಸಭೆಯಲ್ಲಿ ತೀರ್ಮಾನವಾದದ್ದನ್ನು ಮತ್ತೆ ಕೆದಕಿ. ಟಿಪ್ಪಣಿಯ ಪದಗಳ ಮೇಲೆ ಜಗಳವಾಡಿ. ತುರ್ತು ಕೆಲಸವಿರುವಾಗಲೇ ಸಭೆ ಕರೆಯಿರಿ. ಕೆಲಸ ಬಾರದವರಿಗೆ ಬಡ್ತಿ ಕೊಡಿ.

ಈಗ ಆ ಕೈಪಿಡಿಯ ಗುಟ್ಟು ಬಯಲಾಗಿದೆ, ಯಾರು ಬೇಕಾದರೂ ಓದಬಹುದು. ಓದಿದ ಮೇಲೆ ನನಗೆ ಬಂದ ಅನುಮಾನ ಒಂದೇ. ಯುದ್ಧ 1945ರಲ್ಲೇ ಮುಗಿಯಿತು ಎಂಬ ಸುದ್ದಿಯನ್ನು ನಮ್ಮ ಪ್ರೋಗ್ರಾಮ್ ಮ್ಯಾನೇಜ್‌ಮೆಂಟ್ ಆಫೀಸಿಗೆ ಯಾರೂ ತಲುಪಿಸಿಲ್ಲ.

ಈ ರೋಗಕ್ಕೆ ಮದ್ದು ಹುಡುಕಿದವರೂ ಇದ್ದಾರೆ. 2001ರ ಫೆಬ್ರುವರಿಯಲ್ಲಿ ಹದಿನೇಳು ಜನ ಸಾಫ್ಟ್‌ವೇರಿಗರು ಅದೇ ಉಟಾದ ಹಿಮದ ಗುಡ್ಡವೊಂದರ ಮೇಲೆ ಕೂತು, ಸಾಧನ, ವಿಧಾನಗಳಿಗಿಂತ ಮನುಷ್ಯರು ಮತ್ತು ಅವರ ನಡುವಿನ ಮಾತು ಮುಖ್ಯ ಎಂದು ಘೋಷಣೆ ಹೊರಡಿಸಿದರು. ಅದಕ್ಕೆ ಅಜೈಲ್ ಎಂದು ಹೆಸರು. ಮನುಷ್ಯರೇ ಮುಖ್ಯ ಎಂಬ ಆ ತತ್ವವನ್ನು ಜಾರಿಗೆ ತರಲು ಇಂದು ಹತ್ತಾರು ಬಗೆಯ ಸಾಧನಗಳು, ಸರ್ಟಿಫಿಕೇಟುಗಳು, ವಿಧಾನಗಳು ಮಾರುಕಟ್ಟೆಯಲ್ಲಿವೆ. ಬೇಗ ಮುಗಿಯಲಿ ಎಂದು ನಿಂತುಕೊಂಡೇ ನಡೆಸಬೇಕಾದ, ಹದಿನೈದು ನಿಮಿಷದ ಸ್ಟ್ಯಾಂಡ್‌ಅಪ್ ಈಗ ಒಂದು ಗಂಟೆ ನಡೆಯುತ್ತದೆ. ವರ್ಕ್ ಫ್ರಮ್ ಹೋಮ್ ಬಂದ ಮೇಲೆ ಅರ್ಧ ಜನ ಅದಕ್ಕೆ ಮಲಗಿಕೊಂಡೇ ಹಾಜರಾಗುತ್ತಾರೆ.

ಹಸಿರು ಬಣ್ಣ ಕೊನೆಗೊಂದು ದಿನ ಬಿಟ್ಟುಹೋಗಲೇಬೇಕಲ್ಲ. ಆಗ ಏಳನೇ ಮಹಡಿಯಿಂದ ಬರುವ ಪರಿಹಾರ: ಇನ್ನೂ ಹತ್ತು ಜನರನ್ನು ಹಾಕಿ. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಹಿಂದೆ ಐಬಿಎಂನಲ್ಲಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿಟ್ಟಿದ್ದಾರೆ. ಅವರ ಲೆಕ್ಕ ಸರಳ. ಐದು ಜನರ ತಂಡದಲ್ಲಿ ಪರಸ್ಪರ ಮಾತಾಡಿಕೊಳ್ಳಬೇಕಾದ ಜೋಡಿಗಳು 10. ಹತ್ತು ಜನರಾದರೆ 45. ಇಪ್ಪತ್ತಾದರೆ 190. ಬಂದ ಹತ್ತು ಹೊಸಬರಿಗೆ ಕೆಲಸ ವಿವರಿಸುತ್ತಾ ಹಳೆಯ ಹತ್ತು ಜನರ ಕೆಲಸ ನಿಲ್ಲುತ್ತದೆ. ಐವತ್ತು ವರ್ಷ ಕಳೆದರೂ ಈ ಮಾತು ನಮ್ಮವರ ಕಿವಿಗೆ ಬೀಳದಿರಲು ಕಾರಣ ಅಜ್ಞಾನವಲ್ಲ. ಪ್ರಾಜೆಕ್ಟಿಲ್ಲದೆ ಬೆಂಚಿನ ಮೇಲೆ ಕೂತವರು ಕಂಪನಿಗೆ ಖರ್ಚು, ಪ್ರಾಜೆಕ್ಟಿನೊಳಗೆ ಬಂದವರು ಬಿಲ್ಲು. ಗ್ರಾಹಕನಿಗೂ ತನ್ನ ಮೇಲಿನವರಿಗೆ ‘ಹತ್ತು ಜನರನ್ನು ಹೆಚ್ಚುವರಿ ಹಾಕಿಸಿದ್ದೇನೆ’ ಎಂದು ಹೇಳಿಕೊಳ್ಳಲು ಒಂದು ಸಾಧನೆ. ಇಬ್ಬರಿಗೂ ತೃಪ್ತಿ. ಇದನ್ನು ವಿನ್-ವಿನ್ ಎನ್ನುತ್ತಾರೆ.

ಗ್ರಾಹಕ ಸಣ್ಣವನಾದರೆ ಈ ನಾಟಕ ಒಳಗೊಳಗೇ ಮುಗಿಯುತ್ತದೆ. ಗ್ರಾಹಕ ಭಾರತ ಸರ್ಕಾರವೇ ಆದರೆ? ಆದಾಯ ತೆರಿಗೆಯ ಹೊಸ ಪೋರ್ಟಲ್ 2021ರ ಜೂನ್ 7ರಂದು ಶುರುವಾಯಿತು. ಕಟ್ಟಿದ್ದು ನಮ್ಮ ಬೆಂಗಳೂರಿನ ಇನ್ಫೊಸಿಸ್, ಸಂಪುಟ ಒಪ್ಪಿದ ಯೋಜನಾವೆಚ್ಚ ಸುಮಾರು 4,242 ಕೋಟಿ ರೂಪಾಯಿ. ಮರುದಿನವೇ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಟ್ವಿಟರ್‌ನಲ್ಲಿ ಕಂಪನಿಯನ್ನೂ ನಂದನ್ ನಿಲೇಕಣಿಯವರನ್ನೂ ಹೆಸರಿಸಿ ದೂರಿದರು. ನಿಲೇಕಣಿ ಅಲ್ಲೇ ಉತ್ತರಿಸಿದರು. ಎರಡೂವರೆ ತಿಂಗಳಾದರೂ ತಕರಾರು ನಿಲ್ಲದೆ, ಆಗಸ್ಟಿನಲ್ಲಿ ಪೋರ್ಟಲೇ ಬಾಗಿಲು ಹಾಕಿದಾಗ, ಕಂಪನಿಯ ಸಿಇಒ ಬಂದು ಕಾರಣ ಹೇಳಬೇಕೆಂದು ಹಣಕಾಸು ಸಚಿವಾಲಯ ಕರೆ ಕಳಿಸಿತು. ಆ ವಿಷಯವೂ ಟ್ವಿಟರ್‌ನಲ್ಲೇ. ಸೆಪ್ಟೆಂಬರ್ 15ರ ಗಡುವು ಕೊಟ್ಟು ಕಳಿಸಿದರು. ಗ್ರಾಹಕರಿಗೂ ಗುತ್ತಿಗೆದಾರರಿಗೂ ನಡುವೆ ಇದಕ್ಕಿಂತ ಪಾರದರ್ಶಕ ಸಂವಹನ ಬೇಕೆಂದರೆ ಕಬ್ಬನ್ ಪಾರ್ಕಿನಲ್ಲಿ ಮೈಕ್ ಕಟ್ಟಬೇಕು. ಆ ಎರಡೂವರೆ ತಿಂಗಳು ಟೆಸ್ಟಿಂಗ್ ಕೆಲಸವನ್ನು ದೇಶದ ತೆರಿಗೆದಾರರು ಪುಕ್ಕಟೆಯಾಗಿ ಮಾಡಿಕೊಟ್ಟರು.

ಹಾಗಾದರೆ ಮೇಲಕ್ಕೆ ಸತ್ಯ ಹತ್ತಿಸುವುದು ಮನುಷ್ಯರಿಗೆ ಅಸಾಧ್ಯವೇ ಎಂದರೆ, ಅಲ್ಲ. ವಿಮಾನದವರು ಕಲಿತಿದ್ದಾರೆ, ಹೆಣಗಳನ್ನು ಎಣಿಸಿಯಾದ ಮೇಲೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಹಾರಲು ಓಡತೊಡಗಿದ್ದ ವಿಮಾನದಲ್ಲಿ, ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಕಾಕ್‌ಪಿಟ್‌ನ ಫ್ಲೈಟ್ ಎಂಜಿನಿಯರ್ ಕೇಳಿದ್ದ. ಕ್ಯಾಪ್ಟನ್ ಆ ವಿಮಾನ ಕಂಪನಿಯ ಅತಿ ಹಿರಿಯರಲ್ಲೊಬ್ಬ, ಜಾಹೀರಾತಿನಲ್ಲಿ ಮುಖ ಅಚ್ಚಾಗುತ್ತಿದ್ದ ದೊಡ್ಡ ಮನುಷ್ಯ. ಬಿಟ್ಟಿದೆ ಎಂದು ಖಡಾಖಂಡಿತವಾಗಿ ಹೇಳಿ ಮುಂದಕ್ಕೆ ನುಗ್ಗಿದರು. ಅಂಥ ಅಪಘಾತಗಳ ತರುವಾಯ ಬಂದ ತರಬೇತಿಯಲ್ಲಿ ಕಿರಿಯರಿಗೆ ಬಾಯಿ ಬಿಡಲು ಕಲಿಸಿದಂತೆಯೇ ಕ್ಯಾಪ್ಟನ್‌ಗಳಿಗೆ ಕಿವಿ ಕೊಡಲೂ ಕಲಿಸಿದರು. ಅದಕ್ಕೂ ಮೊದಲೇ, 1976ರಲ್ಲಿ, ಅಮೆರಿಕದಲ್ಲಿ ಇನ್ನೊಂದು ಏರ್ಪಾಡಾಗಿತ್ತು. ಪೈಲಟ್ ತನ್ನ ತಪ್ಪನ್ನು ತಾನೇ ಬರೆದು ಕಳಿಸಿದರೆ ಅದು ದಂಡ ಹಾಕುವ ಇಲಾಖೆಗೆ ಹೋಗುವುದಿಲ್ಲ, ನಾಸಾಕ್ಕೆ ಹೋಗುತ್ತದೆ, ಹೆಸರು ಅಳಿಸಿಹೋಗುತ್ತದೆ, ಬೇಕೆಂದು ಮಾಡದ ತಪ್ಪಿಗೆ ದಂಡದಿಂದ ರಿಯಾಯಿತಿಯೂ ಇದೆ. ಬರೆದರೆ ಕೆಲಸ ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ಜನ ಬರೆದರು. ಯಾವ ರೆಸಾರ್ಟಿನಲ್ಲೂ ಕಣ್ಣಿಗೆ ಬಟ್ಟೆ ಕಟ್ಟಬೇಕಾಗಲಿಲ್ಲ.

ಟೊಯೋಟಾದವರ ಹಗ್ಗದ ಕಥೆ ಎಲ್ಲ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲೂ ಇದೆ. ದೋಷ ಕಂಡ ಕೂಡಲೇ ಸಾಲಿನಲ್ಲಿ ನಿಂತ ಯಾವ ಕಾರ್ಮಿಕನೂ ಹಗ್ಗ ಎಳೆದು ಆ ಸಾಲಿನ ಉತ್ಪಾದನೆ ನಿಲ್ಲಿಸಬಹುದು, ಮೇಲ್ವಿಚಾರಕ ಓಡಿಬರಬೇಕು, ಬೈಯುವಂತಿಲ್ಲ. ಒಳ್ಳೆಯ ಕಥೆಯೇ. ಆ ಕಂಪನಿಯ ಕಾರ್ಖಾನೆ ನಮ್ಮ ಬಿಡದಿಯಲ್ಲೂ ಇದೆ. 2020ರ ನವೆಂಬರ್‌ನಲ್ಲಿ ಅಲ್ಲಿನ ಕಾರ್ಮಿಕರು ಕೆಲಸದ ಹೊರೆಯನ್ನೂ ಸಹೋದ್ಯೋಗಿಯೊಬ್ಬರ ಅಮಾನತನ್ನೂ ವಿರೋಧಿಸಿ ಧರಣಿ ಕೂತರು, ಕಂಪನಿ ಬೀಗಮುದ್ರೆ ಘೋಷಿಸಿತು. ಕಾರಿನ ದೋಷಕ್ಕೊಂದು ಹಗ್ಗವಿದೆ, ಕೆಲಸದ ಹೊರೆಗೆ ಹಗ್ಗವಿಲ್ಲ ಎಂಬ ಅಡಿಟಿಪ್ಪಣಿಯನ್ನು ಕಾಲೇಜಿನವರು ಮುಂದಿನ ಮುದ್ರಣದಲ್ಲಿ ಸೇರಿಸಬಹುದು.

ಇನ್ನು ನಮ್ಮ ಮ್ಯಾನೇಜರ್ ಮಹಾಶಯರಲ್ಲಿ ಒಂದು ಬಿನ್ನಹ. ಈ ವರ್ಷದ ಕಾರ್ಯಾಗಾರಕ್ಕೆ ರೆಸಾರ್ಟಿನವರಿಗೆ ಮುಂಗಡ ಕಟ್ಟುವ ಮೊದಲು ಚಾಲೆಂಜರ್ ಕಥೆಯ ಬಾಲವನ್ನು ಕೇಳಿಬಿಡಿ. ಆ ರಾತ್ರಿ ಫ್ಲಾರಿಡಾದಲ್ಲಿದ್ದ ಕಂಪನಿಯ ಪ್ರತಿನಿಧಿ ಅಲನ್ ಮೆಕ್‌ಡೊನಾಲ್ಡ್ ‘ಹಾರಿಸಬಹುದು’ ಎಂಬ ಕಾಗದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಸಹಿ ಉಟಾದಿಂದ ಫ್ಯಾಕ್ಸ್ ಆಗಿ ಬಂತು. ಆಮೇಲೆ ತನಿಖೆಯಲ್ಲಿ ನಡೆದದ್ದನ್ನೆಲ್ಲ ಹೇಳಿದ್ದಕ್ಕೆ ಕಂಪನಿ ಅವರನ್ನು ಹುದ್ದೆಯಿಂದ ಪಕ್ಕಕ್ಕೆ ಸರಿಸಿತು. ಅಮೆರಿಕದ ಸಂಸತ್ತಿನವರು ಗದ್ದಲ ಮಾಡಿದ ಮೇಲಷ್ಟೇ ಮರಳಿ ಕರೆದು, ಕೀಲುಗಳ ಮರುವಿನ್ಯಾಸದ ಹೊಣೆ ಕೊಟ್ಟರು. ಬೋಯಿಸ್ಜೋಲಿಗೆ ಆ ಅದೃಷ್ಟವೂ ಇರಲಿಲ್ಲ. ಸಹೋದ್ಯೋಗಿಗಳೇ ಮುಖ ತಿರುಗಿಸಿದ ಮೇಲೆ ಕೆಲಸ ಬಿಟ್ಟರು.

ನಿಮ್ಮ ಕೆಳಗಿನವರಿಗೆ ಮಾತು ಬರುತ್ತದೆ, ಟೀ ಅಂಗಡಿಗೆ ಹೋಗಿ ಕೇಳಿ ನೋಡಿ. ಅವರು ನಿಮ್ಮ ಮುಂದೆ ಮಾತಾಡದಿರುವುದು ಅಪ್ರೈಸಲ್ ಎಂಬುದು ಏನೆಂದು ತಿಳಿದಿರುವುದರಿಂದ. ಕಳೆದ ವರ್ಷ ನಿಮಗೆ ಮೊತ್ತಮೊದಲು ಕೆಟ್ಟ ಸುದ್ದಿ ಹೇಳಿದವರು ಯಾರೆಂದು ನೆನಪು ಮಾಡಿಕೊಳ್ಳಿ. ಅವರ ಕಡತ ತರಿಸಿ, ಎಷ್ಟು ರೇಟಿಂಗ್ ಕೊಟ್ಟಿದ್ದೀರಿ ನೋಡಿ. ಅವರು ಇನ್ನೂ ನಿಮ್ಮ ಕಂಪನಿಯಲ್ಲೇ ಇದ್ದರೆ, ಮುಂದಿನ ಸಂಜೆಯ ಕಾಲ್‌ನಲ್ಲಿ ಅವರ ಮೈಕ್ ಮ್ಯೂಟ್ ತೆಗೆಸಿ, ನೀವು ಹಾಕಿಕೊಳ್ಳಿ.